ವಕೀಲರು ಎಂಪಿ ಆದರೆ ನಮ್ಮ ಕೇಸಿನ ಗತಿ?

ಪ್ರಶ್ನೆ: ಊರಿನಲ್ಲಿ ನಮ್ಮ ಜಮೀನಿನ ಕೇಸು ನಡೆಸುತ್ತಿರುವ ವಕೀಲರು ಲೋಕಸಭೆಗೆ ನಿಲ್ಲುವ ಮಾತಾಡುತ್ತಿದ್ದಾರೆ. ಗೆದ್ದರೆ ಆಮೇಲೂ ಕೋರ್ಟಿಗೆ ಬರಬಹುದಾ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಬರಬಹುದು. ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿ ಮಾಡಬಾರದು ಅನ್ನುತ್ತದೆ ಬಾರ್ ಕೌನ್ಸಿಲ್‌ನ 49ನೇ ನಿಯಮ. ಎಂಪಿಗೂ ಬೊಕ್ಕಸದಿಂದ ಸಂಬಳ ಬರುತ್ತದೆ, ಅದೂ ನೌಕರಿಯೇ ಅಲ್ವಾ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಹೋದವರೂ ವಕೀಲರೇ, ಮೇಲಾಗಿ ಒಂದು ಪಕ್ಷದ ಮುಖಂಡರು! 2018ರ ಸೆಪ್ಟೆಂಬರ್ 25ರಂದು ತೀರ್ಪು ಬಂತು. ಜನ ಆರಿಸಿ ಕಳಿಸಿದವರಿಗೆ ಸರ್ಕಾರ ಯಜಮಾನ ಅಲ್ಲ, ಅವರು ನೌಕರರೂ ಅಲ್ಲ ಎಂದಿತು ಕೋರ್ಟು. ಮಂತ್ರಿ ಆದರೆ ಮಾತ್ರ ಕರಿ ಕೋಟು ಗೂಟಕ್ಕೆ ನೇತುಹಾಕುವುದು ರೂಢಿ.

ಬರಬಹುದು, ಸರಿ. ಬರ್ತಾರಾ? ನನಗೇನೋ ಅನುಮಾನ.

ಕಪಿಲ್ ಸಿಬಲ್, ಅಭಿಷೇಕ್ ಮನು ಸಿಂಘ್ವಿ ರಾಜ್ಯಸಭೆಯಲ್ಲಿದ್ದುಕೊಂಡೇ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡುತ್ತಾರೆ. ಎರಡೂ ದೆಹಲಿಯಲ್ಲೇ ಇವೆ. ಫೈಲು ಓದಿ ಟಿಪ್ಪಣಿ ಮಾಡಿಕೊಡಲು ಜೂನಿಯರ್‌ಗಳಿದ್ದಾರೆ. ತಾಲ್ಲೂಕು ಕೋರ್ಟಿನ ಕೆಲಸ ಹಾಗಲ್ಲ. ಬೆಳಿಗ್ಗೆ ಕೇಸು ಕೂಗಿದಾಗ ಸೀನಿಯರ್ ಇಲ್ಲದಿದ್ದರೆ ಜೂನಿಯರ್ ಎದ್ದು ವಾಯಿದೆ ಕೇಳುತ್ತಾನೆ. ಪಾಟಿ ಸವಾಲಿನ ದಿನ ಅದೂ ಸಾಲದು. ಚೆಕ್ಕುಬಂದಿ ಎಲ್ಲಿಂದ ಎಲ್ಲಿಗೆ, ಬದುವಿನ ಮೇಲಿನ ಹುಣಸೆಮರ ಯಾರದು, ಅದರ ಹಣ್ಣು ಇಷ್ಟು ವರ್ಷ ಯಾರು ಬಡಿದರು – ಇದನ್ನೆಲ್ಲ ಸಾಕ್ಷಿಯ ಮುಖ ನೋಡಿಕೊಂಡೇ ಕೇಳಬೇಕು. ಕೇಸು ಪೂರ್ತಿ ಗೊತ್ತಿರುವವರೇ ಕೇಳಬೇಕು.

ನಿಮ್ಮ ಮಾಜಿ ಎಂಪಿಯನ್ನೇ ನೋಡಿ. ಸದಾನಂದ ಗೌಡರು ಸುಳ್ಯ, ಪುತ್ತೂರಿನಲ್ಲಿ ವಕೀಲರಾಗಿದ್ದವರು. ಶಿರಸಿಯಲ್ಲಿ ಸ್ವಲ್ಪ ಕಾಲ ಸರ್ಕಾರಿ ವಕೀಲರೂ ಆಗಿದ್ದರು, ರಾಜಕೀಯಕ್ಕಾಗಿ ಅದನ್ನು ಬಿಟ್ಟರು. 1994ರಲ್ಲಿ ಪುತ್ತೂರಿನ ಶಾಸಕ, 2004ರಲ್ಲಿ ಮಂಗಳೂರಿನ ಎಂಪಿ, 2011ರಲ್ಲಿ ಮುಖ್ಯಮಂತ್ರಿ. 2014ರಲ್ಲಿ ಬೆಂಗಳೂರು ಉತ್ತರದಿಂದ ಗೆದ್ದು ಮೊದಲು ರೈಲ್ವೆ, ಅದೇ ನವೆಂಬರಿನಲ್ಲಿ ಕಾನೂನು ಮಂತ್ರಿ. ಅವರಿಗಿಂತ ಮುಂಚೆ ಕಾರ್ಕಳ ಕಡೆಯ ವಕೀಲ ವೀರಪ್ಪ ಮೊಯಿಲಿ 2009ರಲ್ಲಿ ಚಿಕ್ಕಬಳ್ಳಾಪುರದಿಂದ ಗೆದ್ದು ಇದೇ ಖಾತೆ ಹಿಡಿದಿದ್ದರು. ಇಬ್ಬರೂ ಘಟ್ಟದ ಕೆಳಗಿನವರು, ಆ ಕುರ್ಚಿಗೆ ದಾರಿ ಮಾಡಿದ ಗೆಲುವು ಮಾತ್ರ ಘಟ್ಟದ ಮೇಲಿನದು. ಇಷ್ಟೆಲ್ಲ ಓಡಾಟದ ನಡುವೆ ಹುಣಸೆಮರದ ಕೇಸಿಗೆ ಬಿಡುವೆಲ್ಲಿ?

ಹಾಗಾಗಿ ನೀವು ಈಗಲೇ ಹೋಗಿ ಮಾತಾಡಿ. ಕೇಸು ಅವರ ಆಫೀಸಿನ ಯಾರಿಗೆ ಹೋಗುತ್ತದೆ ಅಂತ ಕೇಳಿ. ಆ ವಕೀಲರು ಹಿಡಿಸದಿದ್ದರೆ ಬೇರೆಯವರ ಹೆಸರಿಗೆ ವಕಾಲತ್ತು ಹಾಕಿಸಬಹುದು. ಅದಕ್ಕೆ ಹಳೆಯ ವಕೀಲರಿಂದ ಎನ್‌ಒಸಿ ಬೇಕು, ಕೊಡದಿದ್ದರೆ ಕೋರ್ಟಿನ ಅನುಮತಿ ಕೇಳಬೇಕು. ಫೀಸು ಬಾಕಿ ಇದೆ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಮೂಲ ಕ್ರಯಪತ್ರ ಅವರ ಹತ್ತಿರ ಇದ್ದರೆ ಮೊದಲು ಅದನ್ನು ಈಸಿಕೊಳ್ಳಿ. ನಮ್ಮ ಮಾವನವರದು ಹೀಗೇ ಒಬ್ಬರ ಬೀರುವಿನಲ್ಲಿ ಎರಡು ವರ್ಷ ಸುಮ್ನೆ ಕೂತಿತ್ತು. ಮತ ಎಣಿಕೆಯ ದಿನ ಹಾರ ಹಾಕಲು ಹೋದಾಗ ಕೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.