ಜಪಾನಿನ ಜಿನ್ ಅಂದ್ರೆ ಸಾಕೆಯನ್ನೇ ಬಟ್ಟಿ ಇಳಿಸಿದ್ದಾ?

ಓದುಗರ ಪ್ರಶ್ನೆ: ಜಪಾನಿನ ಕ್ರಾಫ್ಟ್ ಜಿನ್ ಅಕ್ಕಿಯಿಂದ ಮಾಡಿದ್ದು ತಾನೇ ಸರ್? ಅಂದ್ರೆ ಸಾಕೆಯನ್ನೇ ಸ್ಟ್ರಾಂಗ್ ಮಾಡಿ ಜಿನ್ ಅಂತ ಮಾರ್ತಾರೆ, ಅಲ್ವಾ?

ಅಲ್ಲ. ಎಷ್ಟನೇ ಸಲ ಇದಕ್ಕೆ ಉತ್ತರ ಬರೆಯುತ್ತಿದ್ದೇನೋ ಲೆಕ್ಕವಿಲ್ಲ. ಈ ಸಲ ಬೇರುಸಹಿತ ಕಿತ್ತುಬಿಡೋಣ.

ಕಳ್ಳೂ ಫೆನಿಯೂ ಒಂದೇನಾ? ನಮ್ಮೂರಲ್ಲಿ ಯಾರನ್ನು ಕೇಳಿದರೂ ಅಲ್ಲ ಅಂತಾರೆ. ಕಳ್ಳು ಹುಳಿ ಬಂದದ್ದು, ಫೆನಿ ಬಟ್ಟಿ ಇಳಿಸಿದ್ದು. ಸಾಕೆ ಕಳ್ಳಿನ ಸಾಲಿಗೆ ಸೇರುತ್ತದೆ. ಹಬೆಯಲ್ಲಿ ಬೆಂದ ಅಕ್ಕಿಗೆ ಕೋಜಿ ಎಂಬ ಬೂಷ್ಟು ಹತ್ತಿಸಿ, ಯೀಸ್ಟ್ ಸೇರಿಸಿ ಹುದುಗಲು ಬಿಡುತ್ತಾರೆ. ಆಮೇಲೆ ಹಿಂಡಿ ಸೋಸುತ್ತಾರೆ. ಬಾಟಲಿಗೆ ಬರುವಾಗ ಆಲ್ಕೋಹಾಲ್ ಶೇ 15ರ ಆಸುಪಾಸು ಇರುತ್ತದೆ.

ಸರಿ, ಆ ಸಾಕೆಯನ್ನು ಬಟ್ಟಿಗೆ ಹಾಕಿದರೆ ಜಿನ್ ಆಗುತ್ತದಾ? ಆಗಲೂ ಇಲ್ಲ. ಸಿಗುವುದು ಅಕ್ಕಿಯ ಶೋಚು (ಜಪಾನಿನ ಬಟ್ಟಿ ಮದ್ಯ) ಥರದ ಒಂದು ಪೇಯ. ಜಿನ್ ಅಂದರೆ ಬಟ್ಟಿ ಇಳಿಸಿದ ಸ್ಪಿರಿಟ್ಟಿಗೆ ಜುನಿಪರ್ ಕಾಯಿಯ ಪರಿಮಳ ಹತ್ತಿಸಿದ್ದು. ಜುನಿಪರ್ ಬೇಕೇ ಬೇಕು. ಒಣಗಿದ ಜುನಿಪರ್ ಕಾಯಿ ಕಾಳುಮೆಣಸಿಗಿಂತ ಸ್ವಲ್ಪ ದಪ್ಪ, ಬಣ್ಣ ಕಪ್ಪು-ನೀಲಿ. ಉಗುರಿನಿಂದ ಒತ್ತಿದರೆ ಪೈನ್ ಮರದ ಅಂಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಆ ವಾಸನೆ ಇಲ್ಲದಿದ್ದರೆ ಅದು ಜಿನ್ ಅಲ್ಲ, ಎಲ್ಲೇ ತಯಾರಾಗಿರಲಿ.

ಈ ತಪ್ಪು ಕಲ್ಪನೆ ಎಲ್ಲಿಂದ ಬಂತು ಅನ್ನೋದೂ ನನಗೆ ಗೊತ್ತು. ಜಪಾನೀ ಭಾಷೆಯಲ್ಲಿ ‘ಸಾಕೆ’ ಅಂದರೆ ಮದ್ಯ, ಯಾವ ಮದ್ಯವಾದರೂ ಸರಿ. ನಾವು ಸಾಕೆ ಅನ್ನುವುದಕ್ಕೆ ಅಲ್ಲಿ ‘ನಿಹೊನ್‌ಶು’ ಅಂತಾರೆ. ಇದರ ಜೊತೆಗೆ, 2016ರಲ್ಲಿ ಕ್ಯೋಟೊ ಡಿಸ್ಟಿಲರಿ ಹೊರತಂದ ‘ಕಿ ನೋ ಬಿ’ ಜಿನ್ನಿಗೆ ಅಕ್ಕಿಯ ಸ್ಪಿರಿಟ್ಟೇ ಬುನಾದಿ. ಅಕ್ಕಿ ಅಂದ ಕೂಡಲೇ ಎಲ್ಲರೂ ಸಾಕೆ ಅಂದುಕೊಂಡರು. ಆದರೆ ಅಂಥ ಸ್ಪಿರಿಟ್ಟನ್ನು ತೀರಾ ಶುದ್ಧವಾಗುವ ತನಕ ಬಟ್ಟಿ ಇಳಿಸಿರುತ್ತಾರೆ. ಸಾಕೆಯ ಹಣ್ಣಿನಂಥ ಪರಿಮಳ ಅದರಲ್ಲಿ ಹುಡುಕಿದರೂ ಸಿಗದು. ಇನ್ನು ನಿಕ್ಕಾ ಕಂಪನಿಯ ‘ಕಾಫಿ ಜಿನ್’ ತಗೊಳ್ಳಿ. ಅದರ ಬುನಾದಿ ಮೆಕ್ಕೆಜೋಳ ಮತ್ತು ಮೊಳಕೆ ಬಾರ್ಲಿ. ಅಕ್ಕಿಯ ಮಾತೇ ಇಲ್ಲ. (ಅದರಲ್ಲಿ ಕಾಫಿಯೂ ಇಲ್ಲ! ಏನಿಯಸ್ ಕಾಫಿ ಎಂಬ ಐರಿಶ್ ಮನುಷ್ಯ 1830ರಲ್ಲಿ ಪೇಟೆಂಟ್ ಪಡೆದ ಬಟ್ಟಿ ಯಂತ್ರದ ಹೆಸರು ಅದು.)

ಸಾಕೆಗೂ ಜಿನ್ನಿಗೂ ನಿಜವಾದ ನೆಂಟಸ್ತಿಕೆ ಇರುವ ಒಂದು ಜಾಗ ಇದೆ. ಸಾಕೆ ಹಿಂಡಿದ ಮೇಲೆ ಉಳಿಯುವ ಚರಟದಲ್ಲಿ ಇನ್ನೂ ಆಲ್ಕೋಹಾಲ್ ಇರುತ್ತದೆ. ಟೋಕಿಯೊದ ಕುರಾಮಾಯೆಯಲ್ಲಿರುವ ಒಂದು ಡಿಸ್ಟಿಲರಿ ಅದನ್ನೇ ಬಟ್ಟಿ ಇಳಿಸಿ ಜಿನ್ನಿಗೆ ಬುನಾದಿ ಮಾಡಿಕೊಂಡಿದೆ. ಬಿಸಾಕುವ ಚರಟಕ್ಕೆ ಇಂಥ ಬೆಲೆ ತಂದದ್ದು ನನಗೆ ತುಂಬಾ ಇಷ್ಟ. ಅಲ್ಲೂ ಜುನಿಪರ್ ಬಿದ್ದ ಮೇಲೆಯೇ ಅದು ಜಿನ್.

ಹಾಗಾದರೆ ಜಪಾನಿನದು ಅನ್ನುವಂಥದ್ದು ಇದರಲ್ಲಿ ಏನಿದೆ? ಪರಿಮಳ ಹಿಡಿಯುವ ತಾಳ್ಮೆ ಇದೆ. ಕಿ ನೋ ಬಿಯಲ್ಲಿ 11 ಪದಾರ್ಥಗಳಿವೆ: ಜುನಿಪರ್ ಜೊತೆಗೆ ಹಿನೋಕಿ ಮರದ ಚೂರು, ಯೂಜು ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆ, ಗ್ಯೊಕುರೊ ಚಹಾ, ಬಿದಿರೆಲೆ, ಶುಂಠಿ ಇತ್ಯಾದಿ. ಎಲ್ಲವನ್ನೂ ಒಂದೇ ಹಂಡೆಗೆ ಸುರಿಯುವುದಿಲ್ಲ. ಆರು ಗುಂಪು ಮಾಡಿ, ಬೇರೆ ಬೇರೆ ಬಟ್ಟಿ ಇಳಿಸಿ, ಕೊನೆಗೆ ಬೆರೆಸುತ್ತಾರೆ. ಸಾರಿನ ಪುಡಿಗೆ ಕೊತ್ತಂಬರಿ, ಮೆಂತ್ಯ, ಮೆಣಸಿನಕಾಯಿ ಬೇರೆ ಬೇರೆ ಹುರಿಯುತ್ತೀವಲ್ಲ, ಅದೇ ಲೆಕ್ಕ. ಒಟ್ಟಿಗೆ ಹಾಕಿದರೆ ಒಂದು ಸೀದಿರುತ್ತದೆ, ಇನ್ನೊಂದು ಹಸಿ ಇರುತ್ತದೆ.

2017ರಲ್ಲಿ ಬಂದ ಸಂಟೋರಿ ಕಂಪನಿಯ ‘ರೋಕು’ ಜಿನ್ನಿನದೂ ಇದೇ ದಾರಿ. ರೋಕು ಅಂದರೆ ಆರು. ಜುನಿಪರ್ ಜೊತೆಗೆ ಬೀಳುವ ಜಪಾನಿನ ಪದಾರ್ಥಗಳು ಆರು: ಸಕುರಾ (ಚೆರ್ರಿ) ಹೂವು, ಸಕುರಾ ಎಲೆ, ಸೆಂಚಾ ಚಹಾ, ಗ್ಯೊಕುರೊ, ಯೂಜು, ಸನ್ಶೋ ಎಂಬ ಮಸಾಲೆ ಕಾಯಿ. ಸಕುರಾ ಹೂವು ಜೋರು ಶಾಖ ತಡೆಯುವುದಿಲ್ಲ. ಅದಕ್ಕೆ ಒತ್ತಡ ಕಡಿಮೆ ಮಾಡಿದ ಹಂಡೆಯಲ್ಲಿ, ಕಡಿಮೆ ಬಿಸಿಯಲ್ಲೇ ಇಳಿಸುತ್ತಾರೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುವ ಹಾಗೆ. ಗಟ್ಟಿ ಸಿಪ್ಪೆಯ ಯೂಜುವಿಗೆ ತಾಮ್ರದ ಹಂಡೆ.

ಈಗ ಯಾರೂ ಕೇಳದ ಒಂದು ವಿಷಯ ಹೇಳಿಬಿಡ್ತೀನಿ. ಆ ಸನ್ಶೋ ಇದೆಯಲ್ಲ, ಅದು ನಮ್ಮ ಜುಮ್ಮನಕಾಯಿಯ ದಾಯಾದಿ. ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುತ್ತಾರಲ್ಲ, ಕೊಂಕಣಿಯವರು ತೆಪ್ಪಲ್ ಅಂತಾರಲ್ಲ, ಅದೇ. ಎರಡೂ ಒಂದೇ ಕುಲದ ಗಿಡಗಳು. ಎರಡರಲ್ಲೂ ರುಚಿ ಇರುವುದು ಸಿಪ್ಪೆಯಲ್ಲಿ, ಕಪ್ಪು ಬೀಜದಲ್ಲಲ್ಲ. ಜಗಿದರೆ ನಾಲಿಗೆ ಜುಮ್ಮೆನ್ನುತ್ತದೆ, ನಮ್ಮ ಹೆಸರಲ್ಲೇ ಅದು ಇದೆ. ಆದರೆ ಜುಮ್ಮೆನ್ನಿಸುವ ಅಂಶ ಭಾರದ್ದು, ಹಬೆಯ ಜೊತೆ ಸುಲಭವಾಗಿ ಮೇಲೇರುವುದಿಲ್ಲ. ಜಿನ್ನಿಗೆ ಇಳಿಯುವುದು ಹೆಚ್ಚಾಗಿ ಪರಿಮಳವೇ, ನಿಂಬೆ ಸಿಪ್ಪೆಯ ಹತ್ತಿರದ್ದು. ಮನೆಯಲ್ಲಿ ಜುಮ್ಮನಕಾಯಿ ಇದ್ದರೆ ಒಂದು ಸಿಪ್ಪೆ ಬೆರಳಲ್ಲಿ ಪುಡಿ ಮಾಡಿ ಮೂಸಿ. ಆಮೇಲೆ ಸೋಡಾ ಬೆರೆಸಿದ ರೋಕು ಲೋಟಕ್ಕೆ ಮೂಗು ಇಡಿ. ಪರಿಚಯದ ವಾಸನೆ ಸಿಗುತ್ತದೆ.