ಲಂಡನ್ನಿನ ಹಳೇ ಮನೆಗಳಲ್ಲಿ ಮೇಲಿನ ಕಿಟಕಿ ಯಾಕೆ ಗಿಡ್ಡ?

ಪ್ರಶ್ನೆ: ಲಂಡನ್ನಿನ ಜಾರ್ಜಿಯನ್ ಕಾಲದ (ಹೆಚ್ಚುಕಮ್ಮಿ 18ನೇ ಶತಮಾನದ) ಮನೆಗಳಲ್ಲಿ ಮೇಲಕ್ಕೆ ಹೋದಂತೆ ಕಿಟಕಿ ಚಿಕ್ಕದಾಗುತ್ತದೆ. ಆಗ ಕಿಟಕಿಗೂ ತೆರಿಗೆ ಇತ್ತಂತೆ. ಅದಕ್ಕೇನಾ?

ಉತ್ತರ: ಅಲ್ಲ. ಕಿಟಕಿ ತೆರಿಗೆ ಇದ್ದದ್ದು ನಿಜ, 1696ರಿಂದ 1851ರವರೆಗೆ. ಆದರೆ ತೆರಿಗೆಯವರು ನೋಡುತ್ತಿದ್ದದ್ದು ಮುಖ್ಯವಾಗಿ ಎಷ್ಟು ಕಿಟಕಿ ಇವೆ ಅಂತ. ಇರುವ ಕಿಟಕಿಯನ್ನು ಸುಮ್ನೆ ಗಿಡ್ಡ ಮಾಡಿದರೆ ಕಾಸು ಉಳಿಯುತ್ತಿರಲಿಲ್ಲ. ಕಿಟಕಿಯ ಅಳತೆ ಹೇಳುವುದು ಬೇರೆಯದನ್ನೇ: ಆ ಮಹಡಿ ಯಾರದು ಅಂತ.

ಲಂಡನ್ನಿನ ಬ್ರೂಕ್ ಸ್ಟ್ರೀಟಿನ 23 ಮತ್ತು 25ನೇ ನಂಬರಿನ ಮನೆಗಳನ್ನೇ ತೆಗೆದುಕೊಳ್ಳಿ. ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳು, 1720ರ ದಶಕದ ಶುರುವಿನವು. ಬೀದಿ ಕಡೆ ಅಗಲ ಕಮ್ಮಿ, ಎತ್ತರ ಜಾಸ್ತಿ. ಒಂದೇ ಬೀದಿಯಲ್ಲಿ ಹೆಚ್ಚು ಮನೆ ಹಿಡಿಸಿದರೆ ಕಟ್ಟಿಸಿದವನಿಗೆ ಲಾಭ ಅಲ್ವಾ? ಹಾಗಾಗಿ ಸಂಸಾರ ಪೂರ್ತಿ ಮಹಡಿ ಮೇಲೆ ಮಹಡಿಯಾಗಿ ಹರಡಿಕೊಳ್ಳಬೇಕಿತ್ತು.

25ನೇ ನಂಬರಿಗೆ 1723ರಲ್ಲಿ ಸಂಗೀತಗಾರ ಹ್ಯಾಂಡಲ್ ಬಾಡಿಗೆಗೆ ಬಂದ. 1759ರಲ್ಲಿ ಸತ್ತದ್ದೂ ಅಲ್ಲೇ. ನೆಲಮಾಳಿಗೆಯಲ್ಲಿ ಅಡುಗೆಮನೆ. ನೆಲಮಹಡಿಯಲ್ಲಿ ಬಂದುಹೋಗುವವರ ವ್ಯವಹಾರ. ಮೊದಲ ಮಹಡಿಯೇ ಮನೆಯ ಗತ್ತಿನ ಜಾಗ. ಬೀದಿಯ ಕೆಸರು, ಕುದುರೆಗಾಡಿಗಳ ಗಲಾಟೆಯಿಂದ ಸ್ವಲ್ಪ ದೂರ, ಹತ್ತುವುದಕ್ಕೂ ಒಂದೇ ಮಹಡಿ. ಮುಂದಿನ ಕೋಣೆಯಲ್ಲಿ ಹಾಡುಗಾರರ ಜೊತೆ ಅಭ್ಯಾಸ, ಹಿಂದಿನ ಕೋಣೆಯಲ್ಲಿ ಬರವಣಿಗೆ. 1741ರಲ್ಲಿ ಅವನ ಹೆಸರಾಂತ ಗಾಯನ ಕೃತಿ ‘ಮೆಸ್ಸಾಯ’ ಹುಟ್ಟಿದ್ದು ಈ ಮನೆಯಲ್ಲೇ. ಅದರ ಮೇಲೆ ಮಲಗುವ ಕೋಣೆ. ತುದಿಯಲ್ಲಿ, ಸೂರಿನ ಕೆಳಗೆ, ಆಳುಗಳು. ಚಳಿಗಾಲದಲ್ಲಿ ಕೊರೆತ, ಬೇಸಿಗೆಯಲ್ಲಿ ಕಾವು.

ಅತಿಥಿಗಳು ಬರುವ ಕಡೆ ಚಾವಣಿ ಎತ್ತರ, ಕಿಟಕಿಯೂ ಉದ್ದ. ಆಳುಗಳ ಕೋಣೆಗೆ ಯಾರು ಖರ್ಚು ಮಾಡುತ್ತಾರೆ? ಇಂಥ ಮನೆಗಳ ಒಳಗೂ ಅದೇ ಕಥೆ: ಮೇಲೆ ಹತ್ತಿದಂತೆ ಮೆಟ್ಟಿಲಿನ ಕೆತ್ತನೆ, ಗೋಡೆಯ ಮರದ ಹಲಗೆಗಳ ಅಲಂಕಾರ ಎಲ್ಲಾ ಸಪ್ಪೆಯಾಗುತ್ತದೆ.

ಚೆಂದದ ಲೆಕ್ಕಾಚಾರವೂ ಇತ್ತು ಅನ್ನಿ. ಇಟಲಿಯ ವಾಸ್ತುಶಿಲ್ಪಿ ಪಲ್ಲಾಡಿಯೋನ ಹಾದಿ ಹಿಡಿದವರು ಮನೆಯ ಮುಂಭಾಗವನ್ನು ರೋಮನ್ ಕಂಬದಂತೆ ಭಾಗ ಮಾಡುತ್ತಿದ್ದರು. ಕೆಳಗೆ ಗಟ್ಟಿ ಪೀಠ, ನಡುವೆ ಎತ್ತರದ ಭಾಗ, ಮೇಲೆ ಗಿಡ್ಡದು. ಇದು ಎದ್ದು ಕಾಣಬೇಕೆಂದರೆ ಬ್ರೂಕ್ ಸ್ಟ್ರೀಟಿಗಿಂತ 1775ರ ಹೊತ್ತಿಗೆ ಶುರುವಾದ, ಲಂಡನ್ನಿನದೇ ಬೆಡ್‌ಫರ್ಡ್ ಸ್ಕ್ವೇರಿನ ಮನೆಗಳನ್ನು ನೋಡಿ.

ಇನ್ನು, ಇಟ್ಟಿಗೆಯಿಂದ ಮುಚ್ಚಿದ ಕಿಟಕಿ ಕಂಡರೆ? ಕೆಲವು ತೆರಿಗೆಗೆ ಹೆದರಿ ಮುಚ್ಚಿದವು. ಆದರೆ ಎಷ್ಟೋ ಕಿಟಕಿಗಳು ಕಟ್ಟುವಾಗಲೇ ಕುರುಡು. ಒಳಗೆ ಒಲೆಗೂಡೋ ಗೋಡೆಯೋ ಅಡ್ಡ ಬಂದರೂ ಹೊರಗೆ ಸಾಲು ತಪ್ಪಬಾರದಲ್ಲ, ಅದಕ್ಕೆ.

ಈ ಮೇಲು ಕೀಳೆಲ್ಲ ಆಮೇಲೆ ತಲೆಕೆಳಗಾಯಿತು. 1968ರಲ್ಲಿ 23ನೇ ನಂಬರಿನ ಮೇಲಿನ ಮಹಡಿಯ ಫ್ಲ್ಯಾಟಿಗೆ ಬಂದವನು ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್. ಪಕ್ಕದ ಮನೆಯಲ್ಲಿ ಹ್ಯಾಂಡಲ್ ಇದ್ದ ಅಂತ ತಿಳಿದು ಅವನ ರೆಕಾರ್ಡುಗಳನ್ನೂ ಕೊಂಡು ತಂದ. ಈಗ ಎರಡೂ ಮನೆ ಸೇರಿ ಒಂದೇ ಮ್ಯೂಸಿಯಂ. ಟಿಕೆಟ್ ಕೊಂಡರೆ ಇಬ್ಬರ ಕೋಣೆಗೂ ಹೋಗಬಹುದು.