ಬೆನ್ನಿಗೆ ಬಾಯ್ಲರ್ ಹೊತ್ತ ಗೂಡ್ಸ್ ಇಂಜಿನ್‌ಗಳು

ಅಮೆರಿಕದ ರೈಲು ಇಂಜಿನ್ ತಯಾರಕ ಇಎಂಡಿ ಕಂಪನಿಯ ಇ9 ಲೋಕೋದ (ರೈಲು ಎಳೆಯುವ ಇಂಜಿನ್ ಗಾಡಿಯ) ತಯಾರಿಕೆ 1964ರಲ್ಲಿ ನಿಂತಿತು. ಅಮೆರಿಕದಲ್ಲಿ ಪ್ಯಾಸೆಂಜರ್ ರೈಲಿಗೆಂದೇ ಹುಟ್ಟಿದ ಡೀಸೆಲ್ ವಂಶದ ಕೊನೆಯ ಕುಡಿ ಅದು. ಒಳಗೆ 12 ಸಿಲಿಂಡರಿನ ಎರಡು ಎಂಜಿನ್, ಒಟ್ಟು 2400 ಅಶ್ವಶಕ್ತಿ. ಆರು ಅಚ್ಚುಗಳಲ್ಲಿ ನಾಲ್ಕಕ್ಕೆ ಮಾತ್ರ ಮೋಟಾರ್. ಮುಂದಿನ ಮೂರರಲ್ಲೂ ಹಿಂದಿನ ಮೂರರಲ್ಲೂ ನಡುವಿನದು ಬರೀ ಭಾರ ಹೊರುತ್ತಿತ್ತು. ಸಮತಟ್ಟಿನಲ್ಲಿ ಓಡಲು ಇದು ಸೊಗಸು. ಏರಿನಲ್ಲಿ ಗೂಡ್ಸ್‌ಗೆ ಕಟ್ಟಿದರೆ ಚಕ್ರ ಜಾರುತ್ತದೆ.

ಆಮೇಲೆ ಖಾಸಗಿ ರೈಲ್ವೆಗಳು ಕೊಂಡ ಲೋಕೋಗಳ ಲೆಕ್ಕಾಚಾರವೇ ಬೇರೆ. ಪ್ರಯಾಣಿಕರು ವಿಮಾನ, ಕಾರಿನತ್ತ ಹೋಗಿದ್ದರು. 1967ರಲ್ಲಿ ಅಂಚೆ ಇಲಾಖೆಯೂ ಹೆಚ್ಚಿನ ರೈಲುಗಳಿಂದ ಟಪಾಲು ಡಬ್ಬಿಗಳನ್ನು ತೆಗೆಯಿತು. ಪ್ಯಾಸೆಂಜರ್ ರೈಲು ನಾಳೆ ನಿಂತರೂ ಲೋಕೋ ದುಡಿಯಬೇಕು. ಹಾಗಾಗಿ ಆರೂ ಅಚ್ಚುಗಳಿಗೆ ಮೋಟಾರಿರುವ ಗೂಡ್ಸ್ ಮಾದರಿಗೇ ಬಾಯ್ಲರ್ ಸೇರಿಸಿಕೊಂಡರು. ಗ್ರೇಟ್ ನಾರ್ದರ್ನ್ ರೈಲ್ವೆ 1966ರಲ್ಲಿ ಇಎಂಡಿಯ ಇಂಥ ಆರು ಎಸ್‌ಡಿಪಿ40, ಮರುವರ್ಷ ಎಂಟು ಎಸ್‌ಡಿಪಿ45 ಪಡೆಯಿತು. ಸದರ್ನ್ ಪೆಸಿಫಿಕ್ ರೈಲ್ವೆ ಹತ್ತು ಎಸ್‌ಡಿಪಿ45 ಕೊಂಡಿತು. ಹೆಸರಿನ ಆ ‘ಪಿ’ (ಪ್ಯಾಸೆಂಜರ್) ಅಕ್ಷರದ ಗುರುತು ಲೋಕೋದ ಹಿಂತುದಿಯಲ್ಲಿದೆ: ಚೌಕಾಕಾರದ ದಪ್ಪ ಗೂಡು, ಅದರೊಳಗೆ ಬಾಯ್ಲರ್.

ಡೀಸೆಲ್ ಲೋಕೋಗೆ ಬಾಯ್ಲರ್ ಯಾಕೆ? ಆ ಕಾಲದ ಹೆಚ್ಚಿನ ಡಬ್ಬಿಗಳಲ್ಲಿ ದೀಪಕ್ಕೆ ಅಡಿಯಲ್ಲಿ ಬ್ಯಾಟರಿ, ಅಚ್ಚಿನಿಂದ ತಿರುಗುವ ಡೈನಮೊ ಇದ್ದವು. ಬಿಸಿ ಮಾತ್ರ ಉಗಿಯಿಂದ ಬರಬೇಕು. ಬಾಯ್ಲರಿನಲ್ಲಿ ನೀರು ತುಂಬಿದ ದೊಡ್ಡ ಹಂಡೆ ಇಲ್ಲ. ಸುರುಳಿ ಸುತ್ತಿದ ಕೊಳವೆಯೊಳಗೆ ಪಂಪು ನೀರು ನೂಕುತ್ತದೆ, ಹೊರಗೆ ಡೀಸೆಲ್ ಜ್ವಾಲೆ ಉರಿಯುತ್ತದೆ, ಕೆಲವೇ ನಿಮಿಷಗಳಲ್ಲಿ ಉಗಿ ಸಿದ್ಧ. ತೊಂದರೆಯೂ ಆ ಸುರುಳಿಯಲ್ಲೇ. ಗಡಸು ನೀರು ಹಾಕಿದರೆ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಶಾಖ ನೀರಿಗೆ ದಾಟದೆ ಆ ಜಾಗದಲ್ಲಿ ಕೊಳವೆ ಸುಟ್ಟು ತೂತಾಗುತ್ತದೆ. ಅದಕ್ಕೇ ನೀರಿಗೆ ಔಷಧ ಬೆರೆಸಿ, ಆಗಾಗ ಕೆಸರು ಊದಿ ಹೊರಹಾಕಬೇಕು. ಉಗಿ ರೈಲಿನುದ್ದ ಸಾಗುತ್ತ ತಣಿದು ನೀರಾಗುತ್ತದೆ. ಆ ನೀರು ನಿಲ್ಲಬಾರದೆಂದು ಕೊನೆಯ ಡಬ್ಬಿಯ ತುದಿಯ ವಾಲ್ವನ್ನು ಚೂರು ತೆರೆದೇ ಇಡುತ್ತಿದ್ದರು. ಅಮೆರಿಕದ ಉತ್ತರದ ಮೊಂಟಾನಾ ರಾಜ್ಯದ ಚಳಿಯಲ್ಲಿ ಬಾಯ್ಲರ್ ಆರಿದರೆ ನೀರನ್ನು ಬೇಗ ಬಸಿಯಲೇಬೇಕು. ತಡವಾದರೆ ಹೆಪ್ಪುಗಟ್ಟಿ ಕೊಳವೆ ಬಿರಿಯುತ್ತದೆ.

ಇನ್ನೊಂದು ವ್ಯತ್ಯಾಸ ಗೇರಿನಲ್ಲಿ. ಅಚ್ಚಿನ ದೊಡ್ಡ ಗೇರಿಗೆ 62 ಹಲ್ಲು, ಮೋಟಾರಿನ ಚಿಕ್ಕದಕ್ಕೆ 15 ಇದ್ದರೆ ಅದು ಗೂಡ್ಸ್ ಲೋಕೋ. ಇಂಥದ್ದೇ ಬಾಯ್ಲರ್ ಲೋಕೋ ಆದ ಸಾಂಟಾ ಫೆ ರೈಲ್ವೆಯ ಎಫ್‌ಪಿ45ರಲ್ಲಿ 59 ಮತ್ತು 18. ಇ ಸರಣಿಯಲ್ಲಿ 57 ಮತ್ತು 20, ಅಥವಾ 55 ಮತ್ತು 22. ಕೂಡಿ ನೋಡಿ, ಎಲ್ಲದರ ಮೊತ್ತವೂ 77! ಅಚ್ಚಿಗೂ ಮೋಟಾರಿನ ದಂಡಕ್ಕೂ ನಡುವಿನ ಅಂತರ ಬದಲಾಗದು. ಒಂದರಲ್ಲಿ ಹಲ್ಲು ಕಡಿಮೆಯಾದರೆ ಇನ್ನೊಂದರಲ್ಲಿ ಅಷ್ಟೇ ಹೆಚ್ಚಬೇಕು. 62ರಿಂದ 59ಕ್ಕೆ ಇಳಿದರೆ ವೇಗ ಸಿಗುತ್ತದೆ, ಎಳೆತ ಕಳೆಯುತ್ತದೆ. ವಿಶೇಷ ಸಿಗ್ನಲ್ ರಕ್ಷಣೆ ಇಲ್ಲದ ಹಳಿಯಲ್ಲಿ ಗಂಟೆಗೆ 79 ಮೈಲಿ, ಅಂದರೆ ಸುಮಾರು 127 ಕಿ.ಮೀ. ಮೀರುವಂತಿರಲಿಲ್ಲ. ಸಾಂಟಾ ಫೆಯ ಹಲವು ಕಡೆ ಆ ರಕ್ಷಣೆಯಿದ್ದು, 90 ಮೈಲಿಯವರೆಗೆ ಓಡಬಹುದಿತ್ತು.

1967ರ ಕೊನೆಗೆ ಸಾಂಟಾ ಫೆಗೆ ಬಂದ ಒಂಬತ್ತು ಎಫ್‌ಪಿ45ಗಳೇ ಇವುಗಳಲ್ಲಿ ಚೆಲುವಾದವು. ತನ್ನ ಹೆಸರಾಂತ ಪ್ಯಾಸೆಂಜರ್ ರೈಲು ‘ಸೂಪರ್ ಚೀಫ್’ ಮುಂದೆ ಬೋಳು ಗೂಡ್ಸ್ ಲೋಕೋ ಕಾಣುವುದು ಸಾಂಟಾ ಫೆಗೆ ಬೇಡವಾಗಿತ್ತು. ಅದಕ್ಕೆ ಇಡೀ ಅಗಲಕ್ಕೂ ತಗಡಿನ ಹೊದಿಕೆ ಕೇಳಿತು. ಹಳೆಯ ಇ ಲೋಕೋಗಳ ಗೋಡೆ ಭಾರ ಹೊರುತ್ತಿತ್ತು. ಇಲ್ಲಿ ಭಾರವೆಲ್ಲ ಕೆಳಗಿನ ಚೌಕಟ್ಟಿನದೇ, ತಗಡು ಬರೀ ಅಂಗಿ. ಒಳಗೆ 20 ಸಿಲಿಂಡರಿನ, 3600 ಅಶ್ವಶಕ್ತಿಯ 645 ಎಂಜಿನ್. ಒಂದೊಂದು ಸಿಲಿಂಡರಿನ ಗಾತ್ರ 645 ಘನ ಇಂಚು, ಅಂದರೆ ಹತ್ತೂವರೆ ಲೀಟರ್. (ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಪಿ-4 ಲೋಕೋಗಳ 710 ಎಂಜಿನ್ ಇದರದೇ ಸಂತತಿ.) ಅಷ್ಟುದ್ದದ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಈ 20 ಸಿಲಿಂಡರಿನ ಎಂಜಿನ್ನಿನ ದುರ್ಬಲ ಜಾಗ; ಮೊದಲ ವರ್ಷಗಳಲ್ಲಿ ಹಲವು ಮುರಿದವು.

ಈರಿ ಲ್ಯಾಕವಾನಾ ರೈಲ್ವೆಯ ಖರೀದಿಯಂತೂ ನೇರವಾಗಿಯೇ ಗೂಡ್ಸ್‌ಗೆ. ಅದು 34 ಎಸ್‌ಡಿಪಿ45 ಕೊಂಡಿತು, ಒಂದರಲ್ಲೂ ಬಾಯ್ಲರ್ ಇಲ್ಲ! ಬೇಕಿದ್ದದ್ದು ಉದ್ದದ ಚೌಕಟ್ಟು ಮಾತ್ರ. ಅದರಡಿ 5000 ಗ್ಯಾಲನ್, ಅಂದರೆ ಸುಮಾರು 19,000 ಲೀಟರಿನ ಡೀಸೆಲ್ ಟ್ಯಾಂಕು ಹಿಡಿಸಿತು.

1971ರ ಮೇ 1ರಂದು ದೂರದ ಪ್ಯಾಸೆಂಜರ್ ರೈಲುಗಳಲ್ಲಿ ಹೆಚ್ಚಿನವು ಸರ್ಕಾರಿ ಬೆಂಬಲದ ರೈಲು ಸಂಸ್ಥೆ ಆಮ್‌ಟ್ರಾಕ್ ಪಾಲಾದವು. ಎಫ್‌ಪಿ45ಗಳು ಸಾಂಟಾ ಫೆಯಲ್ಲೇ ಉಳಿದು ಗೂಡ್ಸ್ ಎಳೆದವು. 1989ರಲ್ಲಿ ಅವಕ್ಕೆ ಸೂಪರ್ ಚೀಫ್ ಕಾಲದ ಕೆಂಪು–ಬೆಳ್ಳಿ ಬಣ್ಣ ಮತ್ತೆ ಬಂತು. ಹಿಂದೆ ಕಟ್ಟಿದ್ದು ಮಾತ್ರ ಸರಕಿನ ವ್ಯಾಗನ್‌ಗಳು.